ಯೂಪ್ ಜುಟೆಮೆಲ್ಕ್: ಆರು ಬಾರಿ ಎರಡನೆಯವರು, ಆದರೂ ಶ್ರೇಷ್ಠರೇ?

ಪ್ರಶ್ನೆ (ಜಯನಗರ):
ಭಾನುವಾರ ನಸುಕಿನಲ್ಲಿ ನಂದಿಬೆಟ್ಟ ಹತ್ತುವ ನಮ್ಮ ಸೈಕಲ್ ಬಳಗದಲ್ಲಿ ನೆದರ್ಲೆಂಡ್ಸ್‌ನ ಜುಟೆಮೆಲ್ಕ್ ಅವರ ಮಾತು ಬಂತು. ಟೂರ್ ಡಿ ಫ್ರಾನ್ಸ್‌ನಲ್ಲಿ ಆರು ಬಾರಿ ಎರಡನೆಯವರಾದ ಅವರನ್ನು ಶ್ರೇಷ್ಠರೆನ್ನಬಹುದೇ?

ಉತ್ತರ (ಮಲ್ಲೇಶ್ವರ):
ಖಂಡಿತವಾಗಿಯೂ ಎನ್ನಬಹುದು. 1980ರಲ್ಲಿ, ಮುನ್ನಡೆಯಲ್ಲಿದ್ದ ಬರ್ನಾರ್ಡ್ ಇನೋ ಮಂಡಿನೋವಿನಿಂದ ಹಿಂದೆ ಸರಿದ ಮೇಲೆ ಜುಟೆಮೆಲ್ಕ್ ಟೂರ್ ಗೆದ್ದದ್ದು ನಿಜವಾದರೂ, ಮೂರು ವಾರಗಳ ದಣಿವನ್ನು ತಾಳಿಕೊಳ್ಳುವುದೇ ಆ ಸ್ಪರ್ಧೆಯ ಪರೀಕ್ಷೆಯಾದ್ದರಿಂದ ಆ ಗೆಲುವನ್ನು ಬರಿಯ ಅದೃಷ್ಟವೆನ್ನುವುದು ನ್ಯಾಯವಲ್ಲ. ತಾವು ಭಾಗವಹಿಸಿದ 16 ಟೂರ್‌ಗಳನ್ನೂ ಅವರು ಪೂರ್ಣಗೊಳಿಸಿದ್ದಾರೆ.

ಉತ್ತರ (ಬಸವನಗುಡಿ):
ಸ್ಪೇನ್‌ನ ದೊಡ್ಡ ಸೈಕಲ್ ಸ್ಪರ್ಧೆಯಾದ ವುಯೆಲ್ಟಾದಲ್ಲಿ 1979ರ ಗೆಲುವನ್ನೂ ಸೇರಿಸಿಕೊಳ್ಳಿ. ನನ್ನನ್ನು ಹೆಚ್ಚು ತಟ್ಟಿದ್ದು 1985: ಇಟಲಿಯಲ್ಲಿ, ತಮ್ಮ 38ನೆಯ ವಯಸ್ಸಿನಲ್ಲಿ, ಕೊನೆಯ ಹಂತದಲ್ಲಿ ಗುಂಪಿನಿಂದ ಒಬ್ಬರೇ ಮುನ್ನುಗ್ಗಿ ಅವರು ವಿಶ್ವ ಚಾಂಪಿಯನ್ ಆದರು.

ಪ್ರಶ್ನೆ ಕೇಳಿದವರು:
ಕೃತಜ್ಞತೆಗಳು. ಆ ಸ್ಪರ್ಧೆಯ ಕೊನೆಯ ಸುತ್ತನ್ನು ಇಂದೇ ಹುಡುಕಿ ನೋಡುತ್ತೇನೆ.