ಮೆಲ್ಲಗೆ ಹಾಡಿದರೆ ಗೊಣಗಿದ ಹಾಗೆ ಕೇಳುತ್ತೆ, ಏನು ಮಾಡಲಿ?

ತೆಂಗಿನಗರಿ, ತುಮಕೂರು:
ಐರನ್ ಅಂಡ್ ವೈನ್ ಅನ್ನೋ ಹೆಸರಲ್ಲಿ ಹಾಡುವ ಅಮೆರಿಕದ ಸ್ಯಾಮ್ ಬೀಮ್ ಯಾರಾದರೂ ಕೇಳಿದ್ದೀರಾ? 2002ರ ಮೊದಲ ಆಲ್ಬಮ್ಮನ್ನು ಮನೆಯಲ್ಲೇ ನಾಲ್ಕು ಟ್ರ್ಯಾಕಿನ ರೆಕಾರ್ಡರಲ್ಲಿ ಮಾಡಿದ್ದು, ಪಕ್ಕದಲ್ಲಿ ಕೂತು ಪಿಸುಗುಟ್ಟಿದ ಹಾಗಿದೆ. ನಾನೂ ಅದೇ ಥರ ಒಂದು ಹಾಡು ಕಟ್ಟಿದ್ದೇನೆ. ನಮ್ಮ ತಾತ ತಿಪಟೂರಿಗೆ ಕೊಬ್ಬರಿ ಮೂಟೆ ತಗೊಂಡು ಹೋಗಿ, ರೇಟು ಬಿದ್ದಿದೆ ಅಂತ ಮಾರದೆ ವಾಪಸ್ ತಂದ ದಿನದ ಕತೆ. ಫೋನಲ್ಲಿ ರೆಕಾರ್ಡ್ ಮಾಡಿ ಅಮ್ಮನಿಗೆ ಕೇಳಿಸಿದರೆ "ಯಾಕೋ, ಜ್ವರಾನಾ?" ಅಂದರು. ಕೊಳಲು, ಪಿಟೀಲು ಸೇರಿಸಿದರೆ ಸರಿಹೋಗುತ್ತಾ?

ರಾತ್ರಿಪಾಳಿ, ಕೋಲಾರ:
ಜ್ವರಾನಾ ಅಂದಿದ್ದಕ್ಕೆ ನಕ್ಕು ಸಾಕಾಯ್ತು ಗುರು. ಏನೂ ಸೇರಿಸಬೇಡಿ. ಇಂಗ್ಲೆಂಡಿನ ಹಾಡುಗಾರ ನಿಕ್ ಡ್ರೇಕ್ ಮೊದಲ ಎರಡು ಆಲ್ಬಮ್ಮಲ್ಲಿ ಬೇರೆ ವಾದ್ಯಗಳನ್ನೆಲ್ಲ ಇಟ್ಟುಕೊಂಡು, 1972ರ ಕೊನೆಯದರಲ್ಲಿ ಬರೀ ಗಿಟಾರ್, ಒಂದೇ ಒಂದು ಕಡೆ ಸ್ವಲ್ಪ ಪಿಯಾನೋ. ಅರ್ಧ ಗಂಟೆಯೂ ಇಲ್ಲ, ಆದರೂ ಏನೋ ಕಮ್ಮಿ ಅನಿಸಲ್ಲ.
ಫೋನನ್ನು ಟೇಬಲ್ ಮೇಲೆ ಇಟ್ಟಿದ್ರಾ? ಹಾಗಿದ್ದರೆ ಗಿಟಾರೇ ಜಾಸ್ತಿ ಬಂದಿರುತ್ತೆ. ಗಿಟಾರ್ ಮೊದಲು, ದನಿ ಆಮೇಲೆ ಬೇರೆ ರೆಕಾರ್ಡ್ ಮಾಡಿ. ಬಾಯಿಗೆ ಒಂದು ಗೇಣು ದೂರ, ನೇರಕ್ಕೆ ಬೇಡ, ಸ್ವಲ್ಪ ಓರೆ, ಇಲ್ಲಾಂದ್ರೆ ಪ, ಬ ಬಂದಾಗೆಲ್ಲ ಉಸಿರು ಢಬ್ ಅನ್ನುತ್ತೆ. ಫ್ಯಾನ್ ಆರಿಸಿ. ಬೀಮ್ ಒಂದೇ ಸಾಲನ್ನು ಎರಡು ಸಲ ಹಾಡಿ ಒಂದರ ಮೇಲೊಂದು ಕೂರಿಸುತ್ತಾರೆ, ಅದಕ್ಕೇ ಮೆಲ್ಲಗಿದ್ದರೂ ತೆಳು ಅನಿಸಲ್ಲ.

ಚಿಂತಾಮಣಿ ಬಸ್ಸು:
ಮೈಕಿನ ಮಾತು ಸರಿ, ಆದರೆ ರೋಗ ಬೇರೆ ಕಡೆ ಇದೆ ಅನ್ಸುತ್ತೆ. ಇಂಗ್ಲಿಷಿನವರು ಸಾಲಿನ ಕೊನೆ ನುಂಗಿದರೂ ನಡೆಯುತ್ತೆ. ನಮ್ಮಲ್ಲಿ ಹೋದನೋ, ಹೋದಳೋ, ಹೋಗಲೇ ಇಲ್ಲವೋ, ಎಲ್ಲಾ ಬಾಲದಲ್ಲೇ ಇರೋದು ಅಲ್ವಾ? ನಮ್ಮ ಕೈವಾರದ ಕಡೆ ಏಕತಾರಿ ಹಿಡಿದು ಯೋಗಿ ನಾರೇಯಣ ತಾತಯ್ಯನವರ ತತ್ವಪದ ಹಾಡುವ ಅಜ್ಜಂದಿರನ್ನು ಕೇಳಿ. ದನಿ ಎಷ್ಟೇ ಸಣ್ಣದಿರಲಿ, ತೆಲುಗು ಪದವಾಗಲಿ ಕನ್ನಡದ್ದಾಗಲಿ, ಕೊನೇ ಅಕ್ಷರ ಬಿಡಲ್ಲ. ನಿಮ್ಮ ಹಾಡಲ್ಲಿ ಆ "ಮಾರಲಿಲ್ಲ" ಪೂರ್ತಿ ಕೇಳಿಸುತ್ತಾ?

ತೆಂಗಿನಗರಿ, ತುಮಕೂರು:
ಈಗ ಹೆಡ್‌ಫೋನ್ ಹಾಕಿ ಕೇಳಿದೆ. "ಮಾರ" ಆದಮೇಲೆ ಬರೀ ಉಸಿರು. ಹೋಗಿ ಅಮ್ಮನ್ನ ಕೇಳಿದೆ, ಕತೆ ಏನು ಅರ್ಥ ಆಯ್ತು ಅಂತ. "ಕೊಬ್ಬರಿ ಮಾರಿಬಿಟ್ಟರು, ಅದಕ್ಯಾಕೋ ಇಷ್ಟು ಅಳು?" ಅಂದರು.