ಪದಚರ್ಚೆ: ‘ನವೀಕರಿಸಿ’ ಎಂದರೆ ಅಪ್‌ಡೇಟೋ, ಅಪ್‌ಗ್ರೇಡೋ?

ಗೆಳೆಯರೇ, ನಮಸ್ಕಾರ.

ಹಳೆಯ ಡೆಸ್ಕ್‌ಟಾಪ್‌ಗಳಿಗೆ ವೈಫೈ ಕಾರ್ಡ್ ಹಾಕುವ, ರ‍್ಯಾಮ್ ಹೆಚ್ಚಿಸುವ ಬಗ್ಗೆ ಶಾಲೆಗಳಿಗಾಗಿ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ಕರಡಿನಲ್ಲಿ ಹೀಗಿದೆ: “ಮೊದಲು ಯಂತ್ರವನ್ನು ನವೀಕರಿಸಿ, ಬಳಿಕ ನಿಸ್ತಂತು ಕಾರ್ಡನ್ನು ವಿಸ್ತರಣಾ ಕಿಂಡಿಗೆ ಸೇರಿಸಿ.” ಇಲ್ಲಿ ನವೀಕರಿಸುವುದು ವಿಂಡೋಸನ್ನೋ, ರ‍್ಯಾಮನ್ನೋ? ‘ನಿಸ್ತಂತು’, ‘ಕಿಂಡಿ’ ಇವೆರಡೂ ಸರಿಯೇ? ಬಲ್ಲವರು ತಿಳಿಸಬೇಕು.

——

ನಮಸ್ಕಾರ. ಆ ವಾಕ್ಯ ಓದಿದವರು ತಪ್ಪು ಕೆಲಸಕ್ಕೇ ಕೈಹಾಕುತ್ತಾರೆ. ‘ನವೀಕರಣ’ಕ್ಕೆ ಈಗಾಗಲೇ ಹೊರೆ ಹೆಚ್ಚು. ಪರವಾನಗಿಯೂ ನವೀಕರಣ, ಹಳೇ ಕಟ್ಟಡದ ದುರಸ್ತಿಯೂ ನವೀಕರಣ, ಫೋನಿನ ಅಪ್‌ಡೇಟೂ ನವೀಕರಣ. ಅದನ್ನು ತಂತ್ರಾಂಶಕ್ಕಷ್ಟೇ ಉಳಿಸಿಕೊಳ್ಳೋಣ. ಅಪ್‌ಗ್ರೇಡ್‌ಗೆ ‘ಮೇಲ್ದರ್ಜೆಗೇರಿಸು’ ಇದೆ. ಪಟ್ಟಣ ಪಂಚಾಯಿತಿಯನ್ನು ಪುರಸಭೆಯಾಗಿ ಮೇಲ್ದರ್ಜೆಗೇರಿಸಿದ ಸುದ್ದಿ ಓದಿದವರಿಗೆಲ್ಲ ಅದು ಗೊತ್ತು. ಆದರೆ ಕೈಪಿಡಿಗೆ ಅದೂ ಭಾರವೇ. “4 ಜಿಬಿ ರ‍್ಯಾಮ್ ತೆಗೆದು 8 ಜಿಬಿ ಹಾಕಿ” ಎಂದು ನೇರವಾಗಿ ಬರೆದರೆ ಸಾಕು. ಜೊತೆಗೆ, ಡಿಡಿಆರ್2, ಡಿಡಿಆರ್3 ಎಂಬ ಎರಡು ತಲೆಮಾರಿನ ಡೆಸ್ಕ್‌ಟಾಪ್ ರ‍್ಯಾಮ್‌ಗಳಿಗೂ 240 ಪಿನ್ನುಗಳಿದ್ದರೂ ಕಚ್ಚು ಬೇರೆ ಜಾಗದಲ್ಲಿದೆ, ಒತ್ತಿ ಕೂರಿಸಬಾರದು ಎಂದೂ ಹೇಳಬೇಕು. 32 ಬಿಟ್ ವಿಂಡೋಸ್ ಇದ್ದರೆ 4 ಜಿಬಿಯಿಂದಾಚೆ ಹಾಕಿದ್ದು ವ್ಯರ್ಥ.

‘ಕಿಂಡಿ’ ಬೇಡ. ಉಡುಪಿಯ ಕನಕನ ಕಿಂಡಿಯಂತೆ, ಕಿಂಡಿಯೆಂದರೆ ಆಚೆ ಕಾಣುವ ತೂತು. ಕಾರ್ಡ್ ಕಚ್ಚಿಕೊಂಡು ಕೂರುವ ಜಾಗವಲ್ಲ. ರಿಪೇರಿ ಅಂಗಡಿಯವರೂ ಮಕ್ಕಳೂ ಅನ್ನುವುದು ‘ಸ್ಲಾಟ್’ ಎಂದೇ. ಅದಕ್ಕಿಂತ ಮುಖ್ಯ, ಯಾವ ಸ್ಲಾಟ್ ಎಂಬ ಹೆಸರು. ಹಳೇ ಮದರ್‌ಬೋರ್ಡಿನಲ್ಲಿ ಸಾಮಾನ್ಯವಾಗಿ ಪಿಸಿಐ, ಅದಕ್ಕಿಂತ ಹೊಸದಾದ ಪಿಸಿಐ ಎಕ್ಸ್‌ಪ್ರೆಸ್ ಎರಡೂ ಬಗೆಯ ಸ್ಲಾಟ್ ಅಕ್ಕಪಕ್ಕ ಇರುತ್ತವೆ. ಪಿಸಿಐ ಎಕ್ಸ್‌ಪ್ರೆಸ್‌ನ ಗಿಡ್ಡ ಅಳತೆಯಾದ ಎಕ್ಸ್1 ಕಾರ್ಡ್ ಅದರದೇ ಉದ್ದನೆಯ ಎಕ್ಸ್16 ಸ್ಲಾಟಿನಲ್ಲೂ ಕೂರುತ್ತದೆ, ಪಿಸಿಐ ಸ್ಲಾಟಿನಲ್ಲಿ ಮಾತ್ರ ಕೂರದು. ಎರಡಕ್ಕೂ ‘ವಿಸ್ತರಣಾ ಕಿಂಡಿ’ ಎಂದರೆ ತಪ್ಪು ಕಾರ್ಡ್ ಕೊಂಡು ತರುತ್ತಾರೆ.

‘ನಿಸ್ತಂತು’ ಒಳ್ಳೆಯ ಪದ, ಪೊಲೀಸ್ ನಿಸ್ತಂತು ವಿಭಾಗದಿಂದ ಹಳಬರಿಗೆ ಪರಿಚಿತ. ಆದರೆ ತಂತಿಯಿಲ್ಲದ್ದೆಲ್ಲ ನಿಸ್ತಂತುವೇ: ವೈಫೈ, ಬ್ಲೂಟೂತ್, ತಂತಿಯಿಲ್ಲದ ಮೌಸ್. ಈ ವ್ಯತ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ. ವೈಫೈ, ಬ್ಲೂಟೂತ್ ಎರಡೂ ಇರುವ ಕಾರ್ಡಿನಲ್ಲಿ ವೈಫೈ ಕೆಲಸ ಸ್ಲಾಟಿನ ಮೂಲಕ ನಡೆದರೆ, ಬ್ಲೂಟೂತಿಗೆ ಸಾಮಾನ್ಯವಾಗಿ ಕಾರ್ಡಿನಿಂದ ಮದರ್‌ಬೋರ್ಡಿನ 9 ಪಿನ್ನಿನ ಯುಎಸ್‌ಬಿ ಹೆಡರಿಗೆ (ಕೇಬಲ್ ಸಿಕ್ಕಿಸುವ ಪಿನ್ನುಗಳ ಗುಂಪು) ಕೇಬಲ್ ಎಳೆಯಬೇಕು. ಕೇಬಲ್ ಮರೆತರೆ ವೈಫೈ ಬರುತ್ತದೆ, ಬ್ಲೂಟೂತ್ ಕಾಣುವುದೇ ಇಲ್ಲ. ‘ನಿಸ್ತಂತು ಕೆಲಸ ಮಾಡುತ್ತಿಲ್ಲ’ ಎಂಬ ದೂರು ಬಂದರೆ ಯಾವುದೆಂದು ಹೇಗೆ ತಿಳಿಯುವುದು? ವರ್ಗಕ್ಕೆ ‘ನಿಸ್ತಂತು’, ವಸ್ತುವಿಗೆ ‘ವೈಫೈ ಕಾರ್ಡ್’ ಎಂದಿರಲಿ.

ಕಾರ್ಡನ್ನು ವಿಂಡೋಸಿಗೆ ಪರಿಚಯಿಸುವ ತಂತ್ರಾಂಶವಾದ ಡ್ರೈವರನ್ನು ‘ಚಾಲಕ’ ಮಾಡಬೇಡಿ, ಬಸ್ಸು ನೆನಪಾಗುತ್ತದೆ.

ಕರಡಿನ ಕ್ರಮದಲ್ಲೂ ಒಂದು ತೊಡಕಿದೆ. ಹಳೇ ವಿಂಡೋಸಿಗೆ ಹೊಸ ಕಾರ್ಡಿನ ಗುರುತು ಸಿಗದಿರಬಹುದು. ಡ್ರೈವರ್ ಇಳಿಸಿಕೊಳ್ಳೋಣವೆಂದರೆ ನೆಟ್ಟೇ ಇರದು. ಹಾಗಾಗಿ ಹೀಗೆ ಬರೆಯಬಹುದು: “ಬೇರೆ ಕಂಪ್ಯೂಟರಿನಲ್ಲಿ ಡ್ರೈವರ್ ಇಳಿಸಿ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಕಂಪ್ಯೂಟರ್ ಆಫ್ ಮಾಡಿ, ಪವರ್ ತಂತಿ ಕಿತ್ತು, ವೈಫೈ ಕಾರ್ಡನ್ನು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಲ್ಲಿ ಕೂರಿಸಿ, ತಿರುಪು ಬಿಗಿಯಿರಿ. ಆಂಟೆನಾ ಹಾಕಿ, ಡ್ರೈವರ್ ಅಳವಡಿಸಿ. ನೆಟ್ ಬಂದ ಮೇಲೆ ವಿಂಡೋಸ್ ನವೀಕರಿಸಿ.”