ಒಮಾಹಾ ಹೈ-ಲೋ: ಎಕ್ಕ ಮತ್ತು ಎರಡು ಕೈಗೆ ಬಂದರೆ ಸಾಕೇ?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ): ಮಾನ್ಯರೇ, ರಮ್ಮಿಯಲ್ಲಿ ಪಳಗಿದ ನಾವು ಕೆಲವು ನಿವೃತ್ತರು ಈಗ ಹಣ ಕಟ್ಟದೆ, ಅಂಕಗಳಿಗಾಗಿ ಮಾತ್ರ ಒಮಾಹಾ ಹೈ-ಲೋ ಆಡುತ್ತಿದ್ದೇವೆ (ಕೈಗೆ ನಾಲ್ಕು ಎಲೆ ಬರುವ, ಕೂಡಿದ ಅಂಕಗಳಲ್ಲಿ ಅರ್ಧ ಅತಿ ದೊಡ್ಡ ಕೈಗೆ ‘ಹೈ’ ಪಾಲಾಗಿ, ಅರ್ಧ ಅತಿ ಸಣ್ಣ ಕೈಗೆ ‘ಲೋ’ ಪಾಲಾಗಿ ಹೋಗುವ ಪೋಕರ್ ಆಟ). ಎಕ್ಕ, ಎರಡು, ಒಂಬತ್ತು, ರಾಜ, ನಾಲ್ಕೂ ಬೇರೆ ಬೇರೆ ಜಾತಿಯವು ಬಂದರೂ ನಾನು ಕೊನೆಯವರೆಗೆ ಆಡುತ್ತೇನೆ. ಲೋ ಪಾಲು ಹಲವು ಸಲ ಸಿಗುತ್ತದೆ, ಆದರೂ ಅಂಕಗಳು ಇಳಿಯುತ್ತಲೇ ಇವೆ. ಕಾರಣವೇನು?

ಉತ್ತರ: ಆ ಪಾಲು ನಿಮಗೊಬ್ಬರಿಗೇ ಸಿಗುತ್ತಿದೆಯೇ ಎಂಬುದನ್ನು ಮೊದಲು ಗಮನಿಸಿ. ಮೂವರು ತಲಾ 400 ಅಂಕ ಹಾಕಿದರೆ ಪಾಟ್, ಅಂದರೆ ಕೂಡಿದ ಒಟ್ಟು ಅಂಕ, 1200 ಆಗುತ್ತದೆ. ಇನ್ನೊಬ್ಬರ ಬಳಿಯೂ ಎಕ್ಕ-ಎರಡು ಇದ್ದು, ಹೈ ಪಾಲು ಬೇರೆಯವರದಾದರೆ, ನಿಮಗೆ ಬರುವುದು ಕಾಲು ಪಾಲು, ಅಂದರೆ 300. ಅತ್ಯುತ್ತಮ ಲೋ ಹಿಡಿದೂ ನೂರು ಅಂಕ ಕಳೆದುಕೊಂಡಿರಿ.

ಕೈಯಿಂದ ಎರಡೇ ಎಲೆ, ಬೋರ್ಡಿನಿಂದ (ಮೇಜಿನ ಮೇಲೆ ಎಲ್ಲರಿಗೂ ತೆರೆದಿಡುವ ಐದು ಎಲೆ) ಮೂರೇ ಎಲೆ ಬಳಸಬೇಕಾದ ಈ ಆಟದಲ್ಲಿ ಎಂಟನ್ನು ಮೀರದ (ಲೋ ಲೆಕ್ಕಕ್ಕೆ ಎಕ್ಕ ಒಂದು) ಮೂರು ಬೇರೆ ಬೇರೆ ಎಲೆ ಬೋರ್ಡಿಗೆ ಬಾರದಿದ್ದರೆ ಲೋ ಎಂಬುದೇ ಇಲ್ಲ. ಬೋರ್ಡಿನ ಮೊದಲ ಮೂರು ಎಲೆ ನಾಲ್ಕು, ಏಳು, ಗುಲಾಮ ಎಂದಿಟ್ಟುಕೊಳ್ಳಿ: ಮುಂದಿನ ಎರಡು ಎಲೆಗಳಲ್ಲಿ ನಿಮಗೆ ಲೋ ಕೂಡುವ ಸಾಧ್ಯತೆ ಸುಮಾರು ಶೇ 59, ಅದರಲ್ಲೂ ಬೋರ್ಡಿಗೆ ಮತ್ತೊಂದು ಎಕ್ಕವೋ ಎರಡೋ ಬಂದು ನಿಮ್ಮ ಲೋ ಕೆಡುವ ಸಂದರ್ಭಗಳನ್ನು ಬಿಟ್ಟರೆ ಉಳಿಯುವುದು ಸುಮಾರು ಶೇ 49. ಅಷ್ಟು ಹೊತ್ತು ನಿಮ್ಮ ರಾಜ ಮತ್ತು ಒಂಬತ್ತು ಮದುವೆ ಮನೆಗೆ ಊಟದ ಹೊತ್ತಿಗೆ ಬಂದ ನೆಂಟರಂತೆ ಕುಳಿತಿರುತ್ತವೆ.

ಆದ್ದರಿಂದ ಕೈಯನ್ನು ಅಳೆಯುವಾಗ ಅದು ಎರಡೂ ಪಾಲನ್ನು ಬಾಚಬಲ್ಲದೇ ಎಂದು ನೋಡಬೇಕು. ಎಕ್ಕ-ಎರಡರ ಜೊತೆ ಮೂರು ಇದ್ದರೆ, ಬೋರ್ಡಿಗೆ ಎರಡು ಬಂದರೂ ಎಕ್ಕ-ಮೂರು ಲೋ ಕಾಯುತ್ತದೆ. ಎಕ್ಕದ ಜಾತಿಯದೇ ಇನ್ನೊಂದು ಎಲೆ ಇದ್ದರೆ ಫ್ಲಶ್ಶಿನ (ಒಂದೇ ಜಾತಿಯ ಐದು ಎಲೆ) ಮೂಲಕ ಹೈ ಪಾಲಿನ ಆಸೆಯೂ ಉಳಿಯುತ್ತದೆ. ಎರಡೆರಡು ಎಲೆ ಒಂದೊಂದು ಜಾತಿಗೆ ಸೇರಿದ ಎಕ್ಕ-ಎಕ್ಕ-ಎರಡು-ಮೂರನ್ನು ಶ್ರೇಷ್ಠ ಕೈ ಎನ್ನುವುದು ಇದೇ ಕಾರಣಕ್ಕೆ. ನಾಲ್ಕೂ ಎಲೆ ಒಂದೇ ಜಾತಿಯಾದರೆ ಸಂಭ್ರಮಿಸಬೇಡಿ. ಬಳಸುವುದು ಎರಡನ್ನೇ, ಉಳಿದೆರಡು ನಿಮಗೇ ಬೇಕಾಗಿದ್ದ ಎಲೆಗಳು.

ಮರುಪ್ರಶ್ನೆ: ಹಾಗಾದರೆ ಆರು-ಏಳು-ಎಂಟು-ಒಂಬತ್ತು? ಸಾಲಾಗಿವೆಯಲ್ಲ, ರಮ್ಮಿಯ ಕಣ್ಣಿಗೆ ಚೆನ್ನಾಗಿ ಕಾಣುತ್ತವೆ.

ಉತ್ತರ: ನಾನಾದರೆ ಬಿಡುತ್ತೇನೆ. ನಿಮಗೆ ಸ್ಟ್ರೇಟ್ (ಸಾಲಾದ ಐದು ಎಲೆ) ಕೂಡಿಸುವ ನಾಲ್ಕು, ಐದು, ಆರರಂಥ ಎಲೆಗಳೇ ಎದುರಿನವರಿಗೆ ಲೋ ಕೂಡಿಸುತ್ತವೆ, ಹಾಗಾಗಿ ಗೆದ್ದರೂ ಅರ್ಧವೇ. ಅದಕ್ಕಿಂತ ರಾಜ-ರಾಜ-ರಾಣಿ-ಗುಲಾಮ ಮೇಲು: ಅದಕ್ಕೆ ಹೊಂದುವ ದೊಡ್ಡ ಎಲೆಗಳು ಬೋರ್ಡಿಗೆ ಮೂರು ಬಿದ್ದರೆ ಲೋ ಆಗುವುದೇ ಇಲ್ಲ, ಪಾಟ್ ಇಡಿಯಾಗಿ ಬರುತ್ತದೆ. ಬೋರ್ಡಿನ ಮೊದಲ ಮೂರು ಎಲೆಗಳಲ್ಲಿ ಎರಡು ಸಣ್ಣವಾದರೆ ಮಾತ್ರ ಮೋಹವಿಲ್ಲದೆ ಎಲೆ ಕೆಳಗಿಡಿ.